ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಮ್ಮ ತೋಡು ಎಲ್ಲಿಗೆ ಹೋಯ್ತು?

ಮಾನ್ಯ ಸಂಪಾದಕರೇ,

ನಾನು ಮಡಿಕೇರಿಯಲ್ಲಿ ಸಿಮೆಂಟು, ಪೈಪು, ಕಂಬಿ ಮಾರೋ ಅಂಗಡಿಯವನು. ಇಪ್ಪತ್ತಾರು ವರ್ಷ ಆಯ್ತು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಪತ್ರ ಓದಿದ್ಮೇಲೆ 'ಸಿಮೆಂಟ್ ಮಾರೋನಿಗೆ ಪರಿಸರದ ಉಸಾಬರಿ ಯಾಕೆ' ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ನಮ್ಮ ಮನೆಯವಳು ಆಗ್ಲೇ ಕೇಳಿ ಆಗಿದೆ. ನನ್ನ ಹತ್ರ ಇರೋ ಉತ್ತರ ಇಷ್ಟೇ, ಈ ಬೆಟ್ಟದಲ್ಲಿ ಯಾರು ಎಲ್ಲಿ ಕಟ್ತಾ ಇದಾರೆ, ಯಾರು ಯಾವ ತೋಡಿಗೆ (ತೋಡು ಅಂದ್ರೆ ನಮ್ಮ ಕಡೆ ಸಣ್ಣ ಹಳ್ಳ) ಎಷ್ಟು ಅಗಲದ ಪೈಪ್ ಇಟ್ಟು ಮುಚ್ತಾ ಇದಾರೆ ಅನ್ನೋದು ಎಲ್ಲಾ ಕಚೇರಿಗಳಿಗಿಂತ ಮೊದಲು ಗೊತ್ತಾಗೋದು ನಮ್ಮಂತ ಅಂಗಡಿಯವರಿಗೆ, ಆಮೇಲೆ ಜೆಸಿಬಿ ಡ್ರೈವರ್‌ಗೆ.

ಹೋದ ವರ್ಷ ಖಾತೆ ಕೆಲಸಕ್ಕೆ ಅಂತ ಒಂದು ಕಚೇರಿಗೆ ಹೋಗಿದ್ದೆ. ಸಾಹೇಬ್ರು ಮೀಟಿಂಗಲ್ಲಿದ್ರು, ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದೆ, ಎದುರಿಗೆ ಗೋಡೆ ಮೇಲೆ ಪಟ್ಟಣದ ದೊಡ್ಡ ಮಾಸ್ಟರ್ ಪ್ಲಾನ್ ನಕ್ಷೆ, ಎಲ್ಲಿ ಏನು ಕಟ್ಟಬಹುದು ಅಂತ ತೋರಿಸೋದು. ಬೇರೆ ಕೆಲಸ ಇಲ್ವಲ್ಲ, ನಮ್ಮ ಮನೆ ಹುಡುಕ್ತಾ ನಿಂತೆ. ರಸ್ತೆ ಸಿಕ್ತು, ಪಕ್ಕದ ಸ್ಕೂಲ್ ಸಿಕ್ತು, ಮನೆ ಹಿಂದೆ ಹರಿಯೋ ತೋಡು ಮಾತ್ರ ಸಿಗ್ಲಿಲ್ಲ. ಸ್ವಲ್ಪ ದೂರದಲ್ಲಿ ನೀಲಿ ಬಣ್ಣ ಕಾಣ್ತು, ಓಹೋ ಇಲ್ಲಿದೆ ಅಂತ ಹತ್ರ ಹೋಗಿ ನೋಡಿದ್ರೆ ಅದು ಮಾರ್ಕೆಟ್ ಏರಿಯಾ. ಈ ಪ್ಲಾನಿಂಗ್ ಭಾಷೆಯಲ್ಲಿ ಮನೆಗೆ ಹಳದಿ, ವ್ಯಾಪಾರಕ್ಕೆ ನೀಲಿ, ಸರ್ಕಾರಿ ಜಾಗಕ್ಕೆ ಕೆಂಪು, ಪಾರ್ಕಿಗೆ ಹಸಿರು ಅಂತೆ. ಅಲ್ಲಿದ್ದ ಗುಮಾಸ್ತರನ್ನ ಕೇಳಿದೆ, ಸರ್ ನಮ್ಮ ತೋಡು ಇಲ್ವಲ್ಲ ಅಂತ. 'ಸರ್ವೆಯಲ್ಲಿ ಬಂದಿಲ್ಲ ಅಂದ್ರೆ ಇಲ್ಲ ಅಂತಾನೇ' ಅಂದ್ರು. ಆ ಮನುಷ್ಯನದ್ದೇನೂ ತಪ್ಪಿಲ್ಲ, ಪಾಪ. ಆದ್ರೆ ಜುಲೈ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ಅದರ ಸದ್ದು ಕೇಳಿ ಎದ್ದು ಕೂತೋನಿಗೆ 'ಇಲ್ಲ' ಅಂದ್ರೆ ಹೇಗೆ ಒಪ್ಕೊಳ್ಳೋದು.

ಪ್ರತಿ ಮೇ ತಿಂಗಳು ನಮ್ಮಲ್ಲಿ ಹ್ಯೂಮ್ ಪೈಪ್ (ಸಿಮೆಂಟ್ ಕಾಂಕ್ರೀಟಿನ ಪೈಪ್) ವ್ಯಾಪಾರ ಜೋರು. ಬಂದೋರು ಕೇಳೋದು ಹೆಚ್ಚುಕಮ್ಮಿ ಒಂದೇ ಮಾತು. 'ಹಿಂದುಗಡೆ ಸಣ್ಣದಾಗಿ ನೀರು ಹೋಗೋ ಜಾಗ ಒಂದುಂಟು, ಮಳೆಗಾಲದಲ್ಲಿ ಮಾತ್ರ, ಒಂದಡಿ ಪೈಪ್ ಸಾಕಲ್ವಾ?' ಸಾಕು ಅಂತ ನಾನೂ ಎಷ್ಟೋ ಸಲ ಕೊಟ್ಟಿದೀನಿ, ಸುಳ್ಳು ಯಾಕೆ ಹೇಳ್ಲಿ. ಪೈಪ್ ಇಟ್ಟು ಮೇಲೆ ಮಣ್ಣು ತುಂಬಿ ಕಾಂಕ್ರೀಟ್ ಎಳೆದ್ರೆ ಮೂರು ನಾಲ್ಕು ಸೆಂಟ್ ಜಾಗ ಸಿಗ್ತದೆ, ಕಾರ್ ನಿಲ್ಲಿಸಬಹುದು, ಹೋಮ್‌ಸ್ಟೇ ಆದ್ರೆ ಕ್ಯಾಂಪ್ ಫೈರ್ ಜಾಗ ಆಯ್ತು.

ಒಂದಿನ ಗಿರಾಕಿ ಇಲ್ಲದ ಹೊತ್ತಲ್ಲಿ ಬಿಲ್ ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಕೊಡಗಲ್ಲಿ ಮಳೆ ಲೆಕ್ಕ ಇಂಚಲ್ಲೇ, ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ದಿನಾ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡ್ತಾರೆ, ಮದುವೆ ಮನೆಗೆ ಹೋದ್ರೂ 'ನಿಮ್ಮಲ್ಲಿ ಎಷ್ಟು ಇಂಚು ಆಯ್ತು' ಅಂತಾನೇ ಮಾತು ಶುರುವಾಗೋದು. ಆದ್ರೆ ಒಂದು ಇಂಚು ಅಂದ್ರೆ ನೀರು ಎಷ್ಟು ಅಂತ ಯಾರೂ ಕೇಳಲ್ಲ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ರೆ ಒಂದು ಲಕ್ಷ ಲೀಟರ್‌ಗೂ ಸ್ವಲ್ಪ ಮೇಲೆ. ಹತ್ತು ಎಕರೆ ಇಳಿಜಾರು, ಗಂಟೆಗೆ ಎರಡು ಇಂಚು ಹೊಡೀತು ಅಂತಿಟ್ಕೊಳ್ಳಿ, ಇಪ್ಪತ್ತು ಲಕ್ಷ ಲೀಟರ್, ಒಂದೇ ಗಂಟೇಲಿ. ಕಾಡಿದ್ರೆ, ತರಗೆಲೆ ಇದ್ರೆ, ಹೆಚ್ಚಿನ ಪಾಲು ಮಣ್ಣಿಗಿಳಿದು ನಿಧಾನಕ್ಕೆ ಬರ್ತದೆ. ಮೇಲೆಲ್ಲಾ ಶೀಟು, ಆರ್‌ಸಿಸಿ, ಇಂಟರ್‌ಲಾಕ್ ಆಗಿದ್ರೆ ಹೆಚ್ಚುಕಮ್ಮಿ ಅಷ್ಟೂ ನೀರು ಆಗ್ಲೇ ಕೆಳಗೆ ಬರೋದು, ಬರೀ ನೀರಲ್ಲ, ಕೊಂಬೆ, ಕಲ್ಲು, ಚಿಪ್ಸ್ ಪ್ಯಾಕೆಟ್ಟು, ಟೂರಿಸ್ಟ್ ಬಿಸಾಕಿದ ಬಾಟ್ಲಿ ಎಲ್ಲಾ ಸೇರಿ. ಒಂದಡಿ ಪೈಪ್ ಇದನ್ನ ನುಂಗಲ್ಲ ಸರ್. ಪೈಪ್ ಕಟ್ಕೊಳ್ತದೆ, ನೀರು ಪಕ್ಕದ ಮಣ್ಣಿಗೆ ನುಗ್ತದೆ, ಆಮೇಲೆ ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ, ಜರೀತದೆ, ಮಾರನೇ ದಿನ ಪೇಪರಲ್ಲಿ 'ಭಾರೀ ಮಳೆಗೆ ಬರೆ ಕುಸಿತ' ಅಂತ ಬರ್ತದೆ. ನಿಮ್ಮ ಪೇಪರಲ್ಲೂ ಹಾಗೇ ಬಂದಿದೆ, ಬೇಜಾರು ಮಾಡ್ಕೋಬೇಡಿ. ಪೈಪ್ ಸುದ್ದಿ ಮಾತ್ರ ಎಲ್ಲೂ ಬರಲ್ಲ.

2018ರ ಆಗಸ್ಟ್ ಬಗ್ಗೆ ಕೊಡಗಿನವರಿಗೆ ನಾನು ಹೇಳೋದೇನೂ ಇಲ್ಲ. ಅವತ್ತು ಬೆಟ್ಟ ಜರಿದದ್ದು ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿ, ಕಾಲೂರು, ಪಟ್ಟಣದೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರ. ಮರುವರ್ಷ ತೋರ. 2020ರಲ್ಲಿ ತಲಕಾವೇರಿ ಗಜಗಿರಿ ಬೆಟ್ಟ. 2024ರ ಜುಲೈ 30ಕ್ಕೆ ನಮ್ಮ ಪಕ್ಕದ ವಯನಾಡಲ್ಲಿ ಮುಂಡಕ್ಕೈ, ಚೂರಲ್‌ಮಲ. 2018 ಆದ್ಮೇಲೆ ಭೂವಿಜ್ಞಾನದವರು ಬಂದು ನೋಡಿ, ಮಳೆ ಜೊತೆಗೆ ಇಳಿಜಾರನ್ನ ನೆಟ್ಟಗೆ ಕತ್ತರಿಸಿದ್ದೂ ಕಾರಣ ಅಂತ ಹೇಳಿ ಹೋದ್ರು. ನನಗೆ ಅದು ಬೇಗ ಅರ್ಥ ಆಯ್ತು, ಯಾಕಂದ್ರೆ ಕತ್ತರಿಸಿದೋರಲ್ಲಿ ನಾನೂ ಒಬ್ಬ. 2009ರಲ್ಲಿ ಕಾರ್ ಶೆಡ್‌ಗೆ ಅಂತ ಮನೆ ಹಿಂದಿನ ಬರೆಯನ್ನ ಹನ್ನೆರಡು ಅಡಿ ನೆಟ್ಟಗೆ ತೆಗೆಸಿದ್ದೆ, ಜೆಸಿಬಿಯವನು 'ಅಣ್ಣ ಸ್ವಲ್ಪ ಮೆಟ್ಟಿಲು ಮೆಟ್ಟಿಲಾಗಿ ತೆಗೀಲಾ' ಅಂತ ಕೇಳಿದ್ದ, ಗಂಟೆ ಲೆಕ್ಕದ ದುಡ್ಡು ಜಾಸ್ತಿ ಆಗ್ತದೆ ಅಂತ ನಾನೇ ಬೇಡ ಅಂದೆ. ನಮ್ಮ ಕಡೆ ಮಣ್ಣು ಮೇಲಿಂದ ನೋಡೋಕೆ ಗಟ್ಟಿ ಕೆಂಪು, ಕೆಳಗೆ ಹೋದ್ರೆ ಸೋಪಿನ ತರ ಜಾರೋ ಜೇಡಿ, ನೀರು ಅಲ್ಲಿಗೆ ಇಳಿದು ನಿಂತ್ಕೊಂಡ್ರೆ ಮೇಲಿನ ಭಾರಕ್ಕೆ ಹಿಡಿತ ಇರಲ್ಲ. ಅದರ ಮೇಲೆ ಮನೆ ಭಾರ, ಟಾಯ್ಲೆಟ್ ಪಿಟ್ಟಿನ ನೀರು ವರ್ಷ ಪೂರ್ತಿ ಇಂಗ್ತಾ ಇರ್ತದೆ, ಸೂರಿನ ನೀರನ್ನ ಅಲ್ಲೇ ಬಿಟ್ಟಿರ್ತೀವಿ. ಆಗಸ್ಟ್ 16ರ ರಾತ್ರಿ ನನ್ನ ಶೆಡ್ಡು, ಕಾರು, ಅರ್ಧ ಅಡುಗೆ ಮನೆ ಹೋಯ್ತು. ನಾವು ಜೀವ ಉಳಿಸ್ಕೊಂಡಿದ್ದೇ ದೊಡ್ಡದು.

ಆಮೇಲೆ ನಾನು ಮಾಡಿದ್ದೇನು ಗೊತ್ತಾ? ಹದಿನೈದು ಅಡಿ ತಡೆಗೋಡೆ. ಅದಕ್ಕೆ ನೀರು ಹೊರಗೆ ಬರೋ ತೂತು ಬಿಡ್ಸೋದನ್ನೇ ಮರೆತಿದ್ದೆ, ಸಿಮೆಂಟ್ ಅಂಗಡಿ ಇಟ್ಕೊಂಡು! ಅಳಿಯ ಬಂದು ನೋಡಿ, ಮಾವ ಇದು ಗೋಡೆ ಅಲ್ಲ ಡ್ಯಾಮು ಅಂದ. ಆಮೇಲೆ ಕೊರೆಸಿದ್ದು.

ಇದೆಲ್ಲಾ ಒಬ್ಬೊಬ್ಬರ ಮನೆ ತಪ್ಪು ಅಂತ ಬಿಟ್ಬಿಡಬಹುದಿತ್ತು, ಆದ್ರೆ ಹಾಗಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ಹಿರಿಯರು ಮಾಸ್ಟರ್ ಪ್ಲಾನ್ ಅನ್ನೋ ಪದ ಕೇಳಿರಲಿಲ್ಲ, ಆದ್ರೆ ಯಾವುದಾದ್ರೂ ಕೊಡವ ಕುಟುಂಬದ ಮೂಲಮನೆ, ಅಂದ್ರೆ ಹಳೇ ಐನ್‌ಮನೆ ಮುಂದೆ ನಿಂತು ನೋಡಿ. ತಗ್ಗಲ್ಲಿ ಗದ್ದೆ, ನೀರು ಅಲ್ಲಿ ಹರಡಿ ನಿಂತು ಇಂಗಿ ಹೋಗೋಕೆ. ಗದ್ದೆ ಅಂಚಿಂದ ಸ್ವಲ್ಪ ಮೇಲೆ ಮನೆ, ಪ್ರವಾಹವೂ ತಾಗಲ್ಲ, ಗುಡ್ಡದ ಬುಡವೂ ಕಡಿದಿಲ್ಲ. ಮನೆ ಹಿಂದೆ ಬಾಣೆ, ಮರ ಇರೋ ಜಾಗ, ಸೌದೆ ಸೊಪ್ಪಿಗೆ. ಇನ್ನೊಂದು ಕಡೆ, ಎಷ್ಟೋ ಊರಲ್ಲಿ ನೀರಿನ ಒರತೆ ಇರೋ ಕಡೆಯೇ, ದೇವರಕಾಡು, ಅಲ್ಲಿ ಕತ್ತಿ ತಗೊಂಡು ಹೋಗೋ ಹಾಗಿಲ್ಲ. ಯಾವ ಎಂಜಿನಿಯರ್ ಬರೆದ ಝೋನಿಂಗ್ ಇದಕ್ಕಿಂತ ಚೆನ್ನಾಗಿದೆ ಹೇಳಿ. ಆ ದೇವರಕಾಡುಗಳ ಕತೆಯೂ ಗೊತ್ತೇ ಇದೆಯಲ್ಲ, ಜಿಲ್ಲೆಯಲ್ಲಿ 1,214 ಇವೆ ಅಂತ ಲೆಕ್ಕ, ಆದ್ರೆ 1905ರಲ್ಲಿ 6 ಸಾವಿರ ಹೆಕ್ಟೇರ್‌ಗಿಂತ ಹೆಚ್ಚಿದ್ದದ್ದು 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರ್‌ಗೆ ಇಳಿದಿತ್ತು. ದೇವರ ಹೆದರಿಕೆ ಇದ್ದ ಜಾಗದ ಗತಿ ಇದು, ಇನ್ನು ಪೈಸಾರಿ ಅನ್ನೋ ಸರ್ಕಾರಿ ಖಾಲಿ ಜಾಗ, ತೋಡು ಇವನ್ನೆಲ್ಲಾ ಕೇಳೋರು ಯಾರು.

ಮಡಿಕೇರಿ ವಿಷಯ ಸ್ವಲ್ಪ ಬೇರೆ ಅಂತ ಒಪ್ಪೋಣ. 1681ರಲ್ಲಿ ಮುದ್ದುರಾಜ ಈ ಊರು ಕಟ್ಟಿದ್ದು ಶತ್ರುಗಳು ಹತ್ತಿ ಬರೋಕೆ ಕಷ್ಟ ಆಗ್ಲಿ ಅಂತ ಇರಬೇಕು, ವೀಕೆಂಡಿಗೆ ಬರೋ ಕಾರುಗಳಿಗೆ ಪಾರ್ಕಿಂಗ್ ಸಿಗ್ಲಿ ಅಂತ ಅಲ್ಲ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 33 ಸಾವಿರ ಚಿಲ್ಲರೆ, ಆದ್ರೆ ಒಂದು ಲಾಂಗ್ ವೀಕೆಂಡ್ ರಾಜಾಸೀಟ್ ರಸ್ತೆಯಲ್ಲಿ ನಿಂತ್ರೆ ಆ ಲೆಕ್ಕಕ್ಕೆ ಅರ್ಥ ಇಲ್ಲ. ಬೇಕಾಗಿರೋ ನೀರು, ಹೋಗೋ ಕೊಳಚೆ, ಬೀಳೋ ಕಸ ಎಲ್ಲಾ ಬಂದೋರನ್ನೂ ಸೇರಿಸಿ ಆಗೋದು, ಪ್ಲಾನ್ ಮಾಡೋದು ಮಾತ್ರ ರೇಷನ್ ಕಾರ್ಡ್ ಇರೋರಿಗೆ.

ಕುಶಾಲನಗರದ ಕತೆ ಉಲ್ಟಾ, ಅಲ್ಲಿ ಬೆಟ್ಟ ಇಲ್ಲ, ಹೊಳೆ ಇದೆ. ನನ್ನ ತಂಗಿ ಮತ್ತು ಭಾವ ಅಲ್ಲಿ ಕಾವೇರಿ ಪಕ್ಕದ ಒಂದು ಬಡಾವಣೆಯಲ್ಲಿ ಸೈಟ್ ತಗೊಂಡು ಮನೆ ಕಟ್ಟಿದ್ರು. ಕನ್ವರ್ಷನ್ (ಕೃಷಿ ಜಮೀನನ್ನ ಮನೆ ಕಟ್ಟೋಕೆ ಅಂತ ಬದಲಾಯಿಸೋದು) ಆಗಿತ್ತು, ಪ್ಲಾನ್ ಅಪ್ರೂವಲ್ ಆಗಿತ್ತು, ಬ್ಯಾಂಕ್ ಲೋನ್ ಕೊಟ್ಟಿತ್ತು, ಕಾಗದ ಎಲ್ಲಾ ಬೆಳ್ಳಗಿತ್ತು. 2018ರಲ್ಲಿ ಕಿಟಕಿ ಮಟ್ಟಕ್ಕೆ ನೀರು, 2019ರಲ್ಲಿ ಮತ್ತೆ. ಕಾಳಜಿ ಕೇಂದ್ರದಲ್ಲಿ ಭಾವನ ಪಕ್ಕ ಕೂತಿದ್ದ ಒಬ್ಬ ವಯಸ್ಸಾದ ಮೇಸ್ತ್ರಿ ಹೇಳಿದ್ರಂತೆ, 'ಅಲ್ಲಿ ನಾನು ಭತ್ತ ನಾಟಿ ಮಾಡಿದೀನಿ ಸ್ವಾಮಿ, ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಮಳೆ ತಿಂಗಳು) ಯಾವಾಗ್ಲೂ ಸೊಂಟದ ತನಕ ನೀರು ಬರ್ತಿತ್ತು' ಅಂತ. ಅಷ್ಟು ಮಾತು, ಸೈಟ್ ತಗೊಳ್ಳೋಕೆ ಮುಂಚೆ ಯಾವ ಕಾಗದದಲ್ಲೂ ಇರಲಿಲ್ಲ ನೋಡಿ. ಹೊಳೆ ತನ್ನ ಜಾಗಕ್ಕೆ ಬಂದಿತ್ತು, ಅಷ್ಟೇ. ಈಗ ತಂಗಿ ಪ್ರತಿ ಜೂನಲ್ಲಿ ಫ್ರಿಜ್ಜನ್ನ ಮಂಚದ ಮೇಲೆ ಹತ್ತಿಸ್ತಾಳೆ, ಮಾರೋಣ ಅಂದ್ರೆ ತಗೊಳ್ಳೋರಿಲ್ಲ.

ಗದ್ದೆ ಹೋದ್ರೆ ಭತ್ತ ಮಾತ್ರ ಹೋಯ್ತು ಅಂತ ಜನ ಅಂದ್ಕೊಳ್ತಾರೆ. ಭತ್ತದಲ್ಲಿ ಲಾಭ ಇಲ್ಲ, ಕೂಲಿ ಸಿಗಲ್ಲ, ಆನೆ ಕಾಟ ಬೇರೆ, ಬೆಳೆಯೋರನ್ನ ನಾನು ಬೈಯ್ಯಲ್ಲ, ಬೈಯ್ಯೋ ಯೋಗ್ಯತೆಯೂ ನನಗಿಲ್ಲ, ನಮ್ಮ ಪಾಲಿನ ಗದ್ದೆಗೆ ನಾವೇ ಶುಂಠಿ ಹಾಕಿ ಆಮೇಲೆ ಪಾಳು ಬಿಟ್ಟಿದ್ದೀವಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯೋಕೆ ಬೇರೆಯವರ ಗದ್ದೆಗೆ ಹೋಗ್ತೀವಿ, ಮುಂದೆ ಅದೂ ಎಲ್ಲಿ ಸಿಗ್ತದೋ. ಆದ್ರೆ ಪ್ಲಾನ್ ಮಾಡೋರು ತಿಳ್ಕೋಬೇಕಾಗಿರೋದು ಇದು, ಗದ್ದೆ ಅನ್ನೋದು ಬದು ಇರೋ ತಟ್ಟೆ. ಅರ್ಧ ಅಡಿ ನೀರು ನಿಲ್ಲಿಸೋ ಒಂದು ಎಕರೆ ಗದ್ದೆಯಲ್ಲಿ ಆರು ಲಕ್ಷ ಲೀಟರ್ ನಿಲ್ತದೆ, ಕರೆಂಟ್ ಇಲ್ಲ, ಟೆಂಡರ್ ಇಲ್ಲ. ಅಷ್ಟೇ ನೀರಿಗೆ ಸಿಮೆಂಟ್ ಟ್ಯಾಂಕ್ ಕಟ್ಟೋಕೆ ಎಷ್ಟಾಗ್ತದೆ ಅಂತ ನನ್ನ ಅಂಗಡಿಗೆ ಬಂದು ಕೇಳಿ, ಎಸ್ಟಿಮೇಟ್ ಫ್ರೀ. ಹಾಗಿರೋವಾಗ ಪಟ್ಟಣದ ತಗ್ಗಲ್ಲಿ ಉಳಿದಿರೋ ಗದ್ದೆಯನ್ನ ಹಾಗೇ ಇಟ್ಕೊಳ್ಳೋ ಯಜಮಾನನಿಗೆ ವರ್ಷಕ್ಕೆ ಇಷ್ಟು ಅಂತ ದುಡ್ಡು ಯಾಕೆ ಕೊಡಬಾರದು? ಚರಂಡಿ ಗುತ್ತಿಗೆಗೆ ಕೊಡೋದ್ರಲ್ಲಿ ಒಂದು ಪಾಲು ಸಾಕು. ಇಟ್ಕೊಂಡೋನಿಗೆ ನಷ್ಟ, ಮಣ್ಣು ತುಂಬಿದೋನಿಗೆ ಲಾಭ ಅನ್ನೋ ಹಾಗಿದ್ರೆ ಯಾರು ತಾನೇ ಇಟ್ಕೊಳ್ತಾರೆ, ಭಾಷಣ ಕೇಳ್ಕೊಂಡು?

ನಮ್ಮ ತೋಡಿನ ಬಂಡೆ ಮೇಲೆ ಬೆಳಿಗ್ಗೆ ಐದೂವರೆಗೆ ಒಂದು ಹಕ್ಕಿ ಕೂತು ಶಿಳ್ಳೆ ಹೊಡೀತಿತ್ತು, ಕಪ್ಪು ನೀಲಿ ಬಣ್ಣದ್ದು, ಬ್ರಿಟಿಷರು ಅದನ್ನ ಶಿಳ್ಳೆ ಹೊಡೆಯೋ ಸ್ಕೂಲ್ ಹುಡುಗ ಅಂತ ಕರೀತಿದ್ರಂತೆ, ನಿಜವಾಗ್ಲೂ ರಾಗ ಗೊತ್ತಿಲ್ಲದ ಹುಡುಗ ಸುಮ್ಮನೆ ಶಿಳ್ಳೆ ಹಾಕ್ಕೊಂಡು ಹೋದ ಹಾಗೇ ಕೇಳ್ತದೆ. ಅದು ಕಲ್ಲು, ಹರಿಯೋ ನೀರು ಇರೋ ಕಡೆ ಮಾತ್ರ ಇರೋದು. ಮೇಲಿನ ಮನೆಯವರು ತೋಡಿಗೆ ಪೈಪ್ ಹಾಕಿದ ವರ್ಷದಿಂದ ಅದು ಬರ್ತಿಲ್ಲ. ಪೈಪ್ ಕೊಟ್ಟಿದ್ದು ನಾನೇ. ಕಪ್ಪೆ ಸದ್ದೂ ಕಮ್ಮಿ ಆಯ್ತು, ಸೊಳ್ಳೆ ಜಾಸ್ತಿ ಆಯ್ತು, ಇವೆರಡಕ್ಕೂ ಸಂಬಂಧ ಇದೆಯೋ ಇಲ್ಲವೋ ವಿಜ್ಞಾನದವರು ಹೇಳ್ಲಿ. ನಗರ ಪರಿಸರ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು ಜೂನ್ 5ಕ್ಕೆ ಗಿಡ ನೆಟ್ಟು ಫೋಟೋ ತೆಗ್ಸೋದು, ಇಲ್ಲಾಂದ್ರೆ ಸರ್ಕಲ್‌ನಲ್ಲಿ ಹುಲ್ಲು ಹಾಸು, ಕಾರಂಜಿ. ಕೊಡಗಲ್ಲಿ ಕಾರಂಜಿ! ಆರು ತಿಂಗಳು ಆಕಾಶದಿಂದಲೇ ಬೀಳ್ತಿರೋವಾಗ.

ಸಿಂಗಾಪುರದಲ್ಲಿ ಬಿಷಾನ್ ಅನ್ನೋ ಕಡೆ 2.7 ಕಿಲೋಮೀಟರ್ ಕಾಂಕ್ರೀಟ್ ಕಾಲುವೆ ಇತ್ತಂತೆ, ಅದನ್ನ ಒಡೆದು ಹಾಕಿ ಕಲ್ಲು, ಹುಲ್ಲು, ಗಿಡ ಇರೋ ಹೊಳೆ ಮಾಡಿ 2012ರಲ್ಲಿ ಪಾರ್ಕಿನೊಳಗೇ ಹರಿಯೋಕೆ ಬಿಟ್ಟಿದಾರೆ, ಮಳೆ ಜಾಸ್ತಿ ಆದ್ರೆ ಪಾರ್ಕಿನ ಹುಲ್ಲು ಮೇಲೆ ನೀರು ಹರಡ್ತದೆ, ಇಳಿದ ಮೇಲೆ ಮಕ್ಕಳು ಆಟ ಆಡ್ತಾರೆ. ಅಳಿಯ ಮೊಬೈಲಲ್ಲಿ ತೋರಿಸಿದ. ನನಗೆ ಅದರಲ್ಲಿ ಹೊಸತೇನೂ ಕಾಣ್ಲಿಲ್ಲ, ಗದ್ದೆ ಬೈಲಲ್ಲಿ ನಾವು ಮಾಡ್ತಿದ್ದಿದ್ದೇ ಅದು. ಅವರು ದುಡ್ಡು ಕೊಟ್ಟು ವಾಪಸ್ ತಗೊಂಡ್ರು, ನಾವು ದುಡ್ಡು ಕೊಟ್ಟು ಮುಚ್ತಾ ಇದೀವಿ.

ಕಾನೂನು ಇಲ್ವಾ ಅಂದ್ರೆ ಇದೆ ಸರ್, ಬೇಕಾದಷ್ಟಿದೆ. 1961ರ ಪ್ಲಾನಿಂಗ್ ಕಾಯ್ದೆ ಇದೆ. ಸಂವಿಧಾನದಲ್ಲೇ 243ಝಡ್‌ಡಿ ಅಂತ ಒಂದು ವಿಧಿ, 74ನೇ ತಿದ್ದುಪಡಿಯಲ್ಲಿ ಬಂದದ್ದು, ಜಿಲ್ಲಾ ಯೋಜನಾ ಸಮಿತಿ ಮಾಡಿ ಪಂಚಾಯ್ತಿಗಳೂ ಪಟ್ಟಣಗಳೂ ನೀರು, ಭೂಮಿ ಬಳಕೆ, ಪರಿಸರ ಇವನ್ನೆಲ್ಲಾ ಒಟ್ಟಿಗೆ ಕೂತು ಪ್ಲಾನ್ ಮಾಡಬೇಕು ಅಂತ ಹೇಳ್ತದೆ. ಇದು ಕೊಡಗಿಗೇ ಬರೆದ ಹಾಗಿದೆ, ಯಾಕಂದ್ರೆ ಮಡಿಕೇರಿ ಪಟ್ಟಣದ ಗಡಿ ಮುಗಿದ ಕಡೆ ನೀರು ನಿಲ್ಲಲ್ಲ. ಊರಿನ ಕೊಳಚೆ ತೋಡು ಹಿಡಿದು ಅಬ್ಬಿ ಕಡೆ ಇಳೀತದೆ, ಅಲ್ಲಿ ಅದೇ ನೀರಿನ ಮುಂದೆ ನಿಂತು ಟೂರಿಸ್ಟ್‌ಗಳು ಸೆಲ್ಫಿ ತೆಗೀತಾರೆ. ಮೇಲಿನ ಪಂಚಾಯ್ತಿ ಬೆಟ್ಟದಲ್ಲಿ ರೆಸಾರ್ಟಿಗೆ ಒಪ್ಪಿಗೆ ಕೊಟ್ರೆ ಕೆಳಗಿನ ವಾರ್ಡಿನ ಚರಂಡಿ ಒಡೀತದೆ, ಆದ್ರೆ ಎರಡು ಕಡೆಯವರೂ ಒಂದು ಮೇಜಲ್ಲಿ ಕೂತಿದ್ದನ್ನ ನಾನು ನೋಡಿದ್ದು ದಸರಾ ಮಂಟಪದ ಮೀಟಿಂಗಲ್ಲಿ ಮಾತ್ರ. ಇನ್ನು 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿ, ಪ್ರತಿ ನಗರಸಭೆಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಮರ, ಕೆರೆ, ಪ್ರಾಣಿ, ಔಷಧಿ ಗಿಡ ಎಲ್ಲಾ ಬರೆದಿಟ್ಟ ದಾಖಲೆ ಪುಸ್ತಕ ಇರಬೇಕು. ಮಾಸ್ಟರ್ ಪ್ಲಾನ್ ಬರೆಯೋವಾಗ ಆ ಪುಸ್ತಕ ಪಕ್ಕದಲ್ಲಿ ತೆರೆದಿಟ್ಕೊಂಡಿರ್ತಾರಾ? ಇದು ಪ್ರಶ್ನೆ, ಆರೋಪ ಅಲ್ಲ.

ಪಶ್ಚಿಮಘಟ್ಟದಲ್ಲಿ ಎಲ್ಲೆಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಅಂತ ಗುರುತಿಸಿ ನಿರ್ಬಂಧ ಹಾಕಬೇಕು ಅನ್ನೋ ವರದಿಗಳ ಜಗಳಕ್ಕೆ ನಾನು ಹೋಗಲ್ಲ. ಗಾಡ್ಗೀಳ್ ವರದಿ 2011, ಕಸ್ತೂರಿರಂಗನ್ 2013, ಕರಡು ಅಧಿಸೂಚನೆ 2014ರಿಂದ ಶುರುವಾಗಿ 2024ರ ಜುಲೈಗೆ ಆರನೇದು ಬಂತು. ಪ್ರತಿ ಸಲ ಬಂದ್, ಪ್ರತಿಭಟನೆ, ಮನವಿ. ನಾನೂ ಒಂದು ಸಲ ಅಂಗಡಿ ಮುಚ್ಚಿ ಹೋಗಿದ್ದೆ. ಈ ಗಲಾಟೆಯಲ್ಲಿ ಪರಿಸರ ಅಂದ್ರೆ ಕಾಡಂಚಿನ ಹಳ್ಳಿಯವರ ತಲೆನೋವು, ಪಟ್ಟಣಕ್ಕೂ ಅದಕ್ಕೂ ಸಂಬಂಧ ಇಲ್ಲ ಅನ್ನೋ ಹಾಗಾಗಿಬಿಟ್ಟಿದೆ, ಅದೇ ನನಗೆ ಬೇಜಾರು. ಹಳ್ಳಿಯವನು ಬಾಣೆಯಲ್ಲಿ ಒಂದು ಮರ ಕಡಿಯೋಕೆ ಎಷ್ಟು ಆಫೀಸ್ ಅಲೀಬೇಕು, ಪಟ್ಟಣದಲ್ಲಿ ಇಡೀ ಗುಡ್ಡದ ಬುಡ ತೆಗೆಯೋಕೆ ಒಂದು ಹಿಟಾಚಿ, ಒಂದು ಭಾನುವಾರ ಸಾಕು.

ನಾನು ಕೇಳೋದು ದೊಡ್ಡದೇನಲ್ಲ. ಮುಂದಿನ ಸಲ ನಕ್ಷೆ ಬರೆಯೋರು ರಸ್ತೆ ಬರೆಯೋಕೆ ಮುಂಚೆ ನೀರಿನ ದಾರಿ ಬರೀಲಿ. ತೋಡು, ಕೊಲ್ಲಿ (ಬೆಟ್ಟದಿಂದ ಇಳಿಯೋ ಸಣ್ಣ ಝರಿ), ಒರತೆ, ಗದ್ದೆ ಬೈಲು, ಪಂಪಿನಕೆರೆ ತರದ ಕೆರೆಗಳು, ಅವಕ್ಕೆ ನೀರು ಬರೋ ಮೇಲಿನ ಜಾಗ, ಎಲ್ಲಾ. ಅದನ್ನ ಜನವರಿಯಲ್ಲಿ ಬಂದು ನೋಡಿ ಬರೆದ್ರೆ ಪ್ರಯೋಜನ ಇಲ್ಲ, ಆಗ ಅರ್ಧ ತೋಡು ಒಣಗಿರ್ತವೆ, ಕಕ್ಕಡದಲ್ಲಿ ಕೊಡೆ ಹಿಡ್ಕೊಂಡು, ಜಿಗಣೆ ಕಚ್ಚಿಸ್ಕೊಂಡು ಬರಬೇಕು. ಆಮೇಲೆ ಎಷ್ಟು ಇಳಿಜಾರು ಅಂತ ಅಳೀಲಿ, ಇಷ್ಟಕ್ಕಿಂತ ಕಡಿದಾದ ಕಡೆ ಕನ್ವರ್ಷನ್ ಇಲ್ಲ ಅಂತ ಒಂದು ಗೆರೆ ಹಾಕ್ಲಿ, ಆ ಗೆರೆ ಬಡವನ ನಾಲ್ಕು ಸೆಂಟಿಗೂ ರೆಸಾರ್ಟಿನ ನಲವತ್ತು ಎಕರೆಗೂ ಒಂದೇ ಇರ್ಲಿ. ಈಗ ಆಗೋದು ಏನಂದ್ರೆ, ಪ್ರತಿ ಜೂನಲ್ಲಿ ಬೆಟ್ಟದ ಬುಡದ ಬಡವರ ಮನೆಗೆ 'ಸುರಕ್ಷಿತ ಸ್ಥಳಕ್ಕೆ ತೆರಳಿ' ಅಂತ ನೋಟಿಸ್ ಅಂಟಿಸ್ತಾರೆ, ಮೇಲೆ ಬುಡ ಕಡಿದೋನಿಗೆ ಯಾವ ನೋಟಿಸೂ ಇಲ್ಲ. ಆ ಮನೆಗಳಲ್ಲಿರೋರು ಗಾರೆ ಕೆಲಸ, ತೋಟದ ಕೆಲಸ ಮಾಡೋರು, ತೋಟದ ಕೂಲಿಯವರ ಲೈನ್ ಮನೆ ಬಿಟ್ಟು ಸ್ವಂತ ಸೂರು ಬೇಕು ಅಂತ ಬಂದೋರು, ಅವರಿಗೆ ಸಮತಟ್ಟು ಜಾಗ ಕೊಡೋರು ಯಾರು? ಪ್ಲಾನ್ ಅನ್ನೋದು ಅಲ್ಲಿಂದ ಶುರುವಾಗಬೇಕು.

ಮನೆ ಕಟ್ಟೋರಿಗೆ ಒಂದು ಮಾತು, ವ್ಯಾಪಾರಿಯಾಗಿ. ಸಾವಿರ ಚದರಡಿ ಸೂರಿಗೆ ಒಂದು ಇಂಚು ಮಳೆ ಬಿದ್ರೆ 2,300 ಲೀಟರ್‌ಗೆ ಮೇಲೆ ನೀರು. ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಇಂಚು ದಾಟೋದು ಮಾಮೂಲಿ. ಲೆಕ್ಕ ಹಾಕ್ಕೊಳ್ಳಿ, ಎರಡು ಲಕ್ಷ ಲೀಟರ್‌ಗೆ ಮೇಲೆ ನಾವು ಬರೆ ಮೇಲೆ ಸುರಿದು, ಮಾರ್ಚಲ್ಲಿ ಟ್ಯಾಂಕರ್‌ಗೆ ಫೋನ್ ಮಾಡ್ತೀವಿ. ಆ ನೀರನ್ನ ಪೈಪಲ್ಲಿ ಹಿಡಿದು ಟ್ಯಾಂಕಿಗೋ, ಇಲ್ಲಾಂದ್ರೆ ತೋಡಿನ ತನಕವೋ ಒಯ್ದು ಬಿಡಿ, ಕಡಿದಾದ ಜಾಗದಲ್ಲಿ ಇಂಗು ಗುಂಡಿ ತೋಡಬೇಡಿ. ಬರೆಗೆ ಲಾವಂಚ ನೆಡಿ, ಬೇರು ಆಳಕ್ಕೆ ಹೋಗ್ತದೆ, ಮೇಲ್ಮಣ್ಣು ಹಿಡೀತದೆ, ಇಡೀ ಗುಡ್ಡ ಜಾರಿದ್ರೆ ಅದೂ ಏನೂ ಮಾಡಕ್ಕಾಗಲ್ಲ ಅನ್ನೋದೂ ಗೊತ್ತಿರ್ಲಿ. ಗೋಡೆ ಬೇಕೇ ಬೇಕು ಅಂದ್ರೆ ತಂತಿ ಬುಟ್ಟಿಗೆ ಕಲ್ಲು ತುಂಬೋ ಗೇಬಿಯನ್ ಕೇಳಿ, ನೀರು ಅದರೊಳಗಿಂದ ಬರ್ತದೆ. ನನ್ನಲ್ಲಿ ಸ್ಟಾಕ್ ಇಲ್ಲ, ಬೇರೆ ಅಂಗಡೀಲಿ ಸಿಗ್ತದೆ.

ಒಂದಡಿ ಪೈಪ್ ಮಾರೋದನ್ನ ನಾನು ನಿಲ್ಲಿಸಿಲ್ಲ, ಮೋರಿಗೆ, ತೋಟದ ದಾರಿಗೆ ಬೇಕಾಗ್ತದೆ. ಆದ್ರೆ ಈಗ ತೋಡಿಗೆ ಅಂತ ಕೇಳಿದೋರಿಗೆ ಇಲ್ಲ ಅಂತೀನಿ, ಅವರು ಕುಶಾಲನಗರಕ್ಕೆ ಹೋಗಿ ತರ್ತಾರೆ, ಅದೂ ಗೊತ್ತು. ಇದಕ್ಕೆ ಬದಲಾಗಿ ಅಂಗಡಿ ಒಳಗೆ ಒಂದು ಕೆಲಸ ಶುರು ಮಾಡಿದೀನಿ. ಊರಿನ ನಕ್ಷೆ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಕೌಂಟರ್ ಪಕ್ಕ ಅಂಟಿಸಿ, ಒಂದು ಪೆನ್ಸಿಲ್ ದಾರದಲ್ಲಿ ಕಟ್ಟಿದೀನಿ, ನಿಮ್ಮ ಬೀದಿ ತೋಡು ಎಲ್ಲಿತ್ತು ಗೆರೆ ಎಳೀರಿ ಅಂತ. ಪ್ಲಂಬರ್‌ಗಳು, ಆಟೋದವರು, ಗಾರೆಯವರು ಎಳೀತಾರೆ, ಜಗಳವೂ ಆಗ್ತದೆ, 'ಅದು ಹಾಗಲ್ಲ, ಗದ್ದುಗೆ ಕಡೆಯಿಂದ ಬರೋದು' ಅಂತ ಒಬ್ಬ ಅಳಿಸಿ ಇನ್ನೊಬ್ಬ ಬರೀತಾನೆ. ಹೋದ ವಾರ ಒಬ್ಬರು ಅಜ್ಜಿ ಮೊಮ್ಮಗನ ಜೊತೆ ನಲ್ಲಿ ತಗೊಳ್ಳೋಕೆ ಬಂದಿದ್ರು, ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದ್ರು. ಇಲ್ಲೊಂದು ಒರತೆ ಇತ್ತು, ಬೇಸಿಗೆಯಲ್ಲೂ ಬತ್ತುತಿರ್ಲಿಲ್ಲ, ನಾವು ಬಿಂದಿಗೆ ತಗೊಂಡು ಹೋಗ್ತಿದ್ವಿ ಅಂದ್ರು. ಅಜ್ಜೀ ಅಲ್ಲಿ ಈಗ ನಾಲ್ಕು ಮಹಡಿ ಲಾಡ್ಜ್ ಇದೆ ಅಂತ ಮೊಮ್ಮಗ ನಕ್ಕ. ಇರ್ಲಿ ಬಿಡು ಅಂತ ಅವರು ಅದರ ಮೇಲೇ ಪೆನ್ಸಿಲಲ್ಲಿ ಒಂದು ಸುತ್ತು ಹಾಕಿ, ಅಲ್ಲಿಂದ ಕೆಳಗೆ ಬಸ್ ಸ್ಟ್ಯಾಂಡ್ ತನಕ ಗೆರೆ ಎಳೆದ್ರು. ನಿಮ್ಮ ವರದಿಗಾರರು ಯಾರಾದ್ರೂ ಬಂದು ಅದರ ಫೋಟೋ ತಗೊಂಡು ಹೋಗ್ಲಿ, ಭಾನುವಾರ ಅಂಗಡಿ ರಜೆ.

ಇಂತಿ,
ಒಬ್ಬ ಓದುಗ
ಮಡಿಕೇರಿ